ಕಾಕಾನ ಮನೆ ಬಾಡಿಗೆ ನೋಡಿಕೊಳ್ಳಲು ಎಷ್ಟು ತೆಗೆದುಕೊಳ್ಳಬೇಕು?

ಪ್ರಶ್ನೆ: ನಮ್ಮ ಕಾಕಾ ಪುಣೆಯಲ್ಲಿದ್ದಾರೆ, ವಯಸ್ಸು 74. ಕಲಬುರಗಿಯ ಸೇಡಂ ರಸ್ತೆ ಕಡೆ ಅವರದೊಂದು ಮನೆ ಇದೆ. ಕೆಳಗಿನ ಮನೆಗೆ 12,000 ಬಾಡಿಗೆ. ಮೇಲೆ ಎರಡು ಸಣ್ಣ ಮನೆ, ಒಂದೊಂದಕ್ಕೆ 6,500. ಅಲ್ಲಿ ಓದುವ ಹುಡುಗರಿದ್ದಾರೆ. ಮುಂದೆ ಒಂದು ಮಳಿಗೆ, ಅದಕ್ಕೆ 9,000. ಆರು ವರ್ಷದಿಂದ ಎಲ್ಲ ನಾನೇ ನೋಡಿಕೊಳ್ಳುತ್ತಿದ್ದೇನೆ. ನಾನು ಖಾಸಗಿ ಶಾಲೆಯಲ್ಲಿ ಟೀಚರ್. ಬಾಡಿಗೆ ನನ್ನ ಖಾತೆಗೆ ಬರುತ್ತದೆ, ಖರ್ಚು ಕಳೆದು ಕಾಕಾಗೆ ಕಳಿಸುತ್ತೇನೆ. 'ನಿನಗ ಏನರ ಇಟ್ಕೋವಾ' ಅನ್ನುತ್ತಾರೆ, ಎಷ್ಟು ಅಂತ ಹೇಳುವುದಿಲ್ಲ. ಈವರೆಗೆ ಒಂದು ರೂಪಾಯಿ ಇಟ್ಟುಕೊಂಡಿಲ್ಲ. ಅಮೆರಿಕದಲ್ಲಿರುವ ಅವರ ಮಗ 'ಇಲ್ಲಿ ಹತ್ತು ಪರ್ಸೆಂಟ್ ತೊಗೋತಾರ, ನೀನೂ ತೊಗೋ ಅಕ್ಕಾ' ಅಂದ. ನಮ್ಮ ಅವ್ವ ಮಾತ್ರ 'ಸ್ವಂತ ಕಾಕಾನ ಹತ್ರ ಕೂಲಿ ಕೇಳ್ತಿಯೇನು' ಅಂತ ಬೈಯುತ್ತಾಳೆ. ನ್ಯಾಯವಾಗಿ ಎಷ್ಟು ತೆಗೆದುಕೊಳ್ಳಬಹುದು? ಹಿಂದಿನ ಆರು ವರ್ಷದ್ದು ಕೇಳಬಹುದಾ? ಇನ್ನೊಂದು ಸಣ್ಣ ಮಾತು. ಹಿತ್ತಲಲ್ಲಿ ನುಗ್ಗೆ ಗಿಡ ಇದೆ. ಅದರ ಕಾಯಿ ನಾನು ಮನೆಗೆ ತರುತ್ತೇನೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಾ?

ಉತ್ತರ: ಮೊದಲು ಮೊತ್ತ ಹೇಳಿಬಿಡುತ್ತೇನೆ. ಪ್ರತಿ ತಿಂಗಳು ವಸೂಲಾದ ಬಾಡಿಗೆಯ ಮೇಲೆ ನೂರಕ್ಕೆ 6. ಹೊಸ ಬಾಡಿಗೆದಾರರನ್ನು ಹುಡುಕಿ ಕೂಡಿಸಿದಾಗ ಆ ಮನೆಯ ಅರ್ಧ ತಿಂಗಳ ಬಾಡಿಗೆ. ದೊಡ್ಡ ರಿಪೇರಿ ಬಂದರೆ ನಿಂತು ಮಾಡಿಸಿದ ದಿನಕ್ಕೆ ಇಷ್ಟು ಅಂತ. ನಿಮ್ಮ ಕಾಕಾನ ಮನೆಗೆ ಇದು ವರ್ಷಕ್ಕೆ ಸುಮಾರು 30,000 ಆಗುತ್ತದೆ. ನುಗ್ಗೆಕಾಯಿಯ ಮಾತು ಕೊನೆಗೆ ಆಡೋಣ. ಅದು ನೀವು ಅಂದುಕೊಂಡಷ್ಟು ಸಣ್ಣದಲ್ಲ.

ಈಗ ನಿಮ್ಮ ಅವ್ವನ ಮಾತು. ಅವರು ಹೇಳುವುದರಲ್ಲಿ ಸುಳ್ಳಿಲ್ಲ. ನಮ್ಮ ಕಡೆ ಬಳಗದ ಕೆಲಸಕ್ಕೆ ದುಡ್ಡು ಕೇಳುವುದು ಕೀಳು ಅನ್ನಿಸುತ್ತದೆ. ಆದರೆ ಅವರ ಕಾಲದಲ್ಲಿ ಕಾಕಾನ ಮನೆ ನೋಡುವುದು ಅಂದರೆ ಏನಿತ್ತು? ತಿಂಗಳಿಗೊಮ್ಮೆ ಹೋಗಿ, ಕಟ್ಟೆ ಮೇಲೆ ಕೂತು, ಚಹಾ ಕುಡಿದು, ಬಾಡಿಗೆ ತರುವುದು. ಅಷ್ಟೇ. ಈಗ ನಾಲ್ಕು ಜನ ಬಾಡಿಗೆದಾರರು, ನಾಲ್ಕು ಕರೆಂಟ್ ಮೀಟರ್, ಒಂದು ಬೋರು, ಒಂದು ಪಂಪು. ಪಂಚಮಿಗೆ ಕಾಕಾ ಕಳಿಸುವ ಸೀರೆ ಬೇರೆ, ಮೇ ತಿಂಗಳ ಬಿಸಿಲಲ್ಲಿ ಪಂಪು ಎತ್ತಿಸಿದ ಕೂಲಿ ಬೇರೆ. ಸೀರೆಗೆ ಬೆಲೆ ಕಟ್ಟಬೇಡಿ, ಪಂಪಿನ ಕೆಲಸಕ್ಕೆ ಕಟ್ಟಿ.

ಇದನ್ನು ಹೇಳುವ ಧೈರ್ಯ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ಸೋದರಮಾವನ ಮನೆ ಇಲ್ಲೇ ಕಲಬುರಗಿಯ ಬ್ರಹ್ಮಪುರದಲ್ಲಿತ್ತು. ಅವರು ಹೈದರಾಬಾದಿಗೆ ಹೋದ ಮೇಲೆ ಒಂಬತ್ತು ವರ್ಷ ನಾನೇ ನೋಡಿಕೊಂಡೆ, ಬಿಟ್ಟಿಯಾಗಿ. ಬಿಟ್ಟಿ ಮಾಡುತ್ತಿದ್ದೇನೆ ಅನ್ನುವ ಗರ್ವ ಒಂದಿತ್ತು ನೋಡಿ, ಅದರಿಂದ ಲೆಕ್ಕವನ್ನೂ ಬರೆಯಲಿಲ್ಲ. ಎರಡು ಸಲ ಮೋಟರು ಸುಟ್ಟಿತು, ಕಾಯಿಲ್ ಸುತ್ತಿಸಿದೆ. ಮೇಲಿನ ಮಾಳಿಗೆ ಸೋರಿತು, ಮಾಡಿಸಿದೆ. ಒಂದಕ್ಕೂ ಚೀಟಿ ಇಟ್ಟಿರಲಿಲ್ಲ. ಆಮೇಲೆ ಒಂದು ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ಬಳಗದವರೊಬ್ಬರು 'ಮಾವನ ಮನಿ ಬಾಡಿಗಿ ಎಲ್ಲಾ ಎಲ್ಲಿ ಹೋಯ್ತಪಾ?' ಅಂದರು. ಮನೆಗೆ ಬಂದು ಲೆಕ್ಕ ಹಾಕಿದೆ. 38,000 ರೂಪಾಯಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಖರ್ಚಾದದ್ದು ನಿಜ, ಆದರೆ ತೋರಿಸಲು ಏನೂ ಇಲ್ಲ. ಮಾವ ಒಂದು ಮಾತೂ ಆಡಲಿಲ್ಲ. ಅವರು ಸುಮ್ಮನಿದ್ದದ್ದೇ ನನಗೆ ಜಾಸ್ತಿ ಚುಚ್ಚಿತು.

ಕಾನೂನೂ ಇಲ್ಲಿ ನನ್ನ ಪರ ಇರಲಿಲ್ಲ. ಒಬ್ಬರ ಪರವಾಗಿ ಇನ್ನೊಬ್ಬರು ವ್ಯವಹಾರ ನೋಡುವುದಕ್ಕೆ 1872ರ ಭಾರತೀಯ ಕರಾರು ಕಾಯ್ದೆ ಅನ್ವಯಿಸುತ್ತದೆ. ಆ ಕಾಯ್ದೆಯ ಪ್ರಕಾರ, ಸಂಬಳ ಇರಲಿ ಇಲ್ಲದಿರಲಿ, ನೀವು ಮಾಲೀಕರ ಏಜೆಂಟೇ. ಅವರು ಕೇಳಿದಾಗ ಸರಿಯಾದ ಲೆಕ್ಕ ಕೊಡುವ ಹೊಣೆ ನಿಮ್ಮದೇ. ಬಿಟ್ಟಿ ಮಾಡಿದರೆ ಸಂಬಳ ತಪ್ಪುತ್ತದೆ, ಹೊಣೆ ತಪ್ಪುವುದಿಲ್ಲ. ಇಷ್ಟು ಗೊತ್ತಿದ್ದರೆ ನಾನು ಮೊದಲ ತಿಂಗಳೇ ಒಂದು ವಹಿ ತಂದಿಡುತ್ತಿದ್ದೆ.

ಈಗ ಆ 6 ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಗಾಳಿಯಲ್ಲಿ ತೂರಿದ ಅಂಕಿಯಲ್ಲ. ನಮ್ಮ ಆದಾಯ ತೆರಿಗೆ ಕಾಯ್ದೆಯಲ್ಲಿ ಮೊದಲು ಮನೆ ಬಾಡಿಗೆಯ ಆದಾಯದಿಂದ ಬೇರೆ ಬೇರೆ ಖರ್ಚು ಕಳೆಯಲು ಅವಕಾಶ ಇತ್ತು. ರಿಪೇರಿಗೆ ಇಷ್ಟು, ವಿಮೆಗೆ ಇಷ್ಟು ಅಂತ. ಅದರಲ್ಲಿ ಬಾಡಿಗೆ ವಸೂಲಿಯ ಖರ್ಚು ಅಂತಲೂ ಒಂದಿತ್ತು. ಅದಕ್ಕೆ ಮಿತಿ ಮನೆಯ ವಾರ್ಷಿಕ ಮೌಲ್ಯದ, ಅಂದರೆ ಹೆಚ್ಚು ಕಡಿಮೆ ವರ್ಷದ ಬಾಡಿಗೆಯ, ನೂರಕ್ಕೆ 6. ಹಳೇ ಶ್ರೀಮಂತರ ಮನೆಗಳಲ್ಲಿ ಬಾಡಿಗೆ ವಸೂಲಿಗೆ ಗುಮಾಸ್ತರು ಇರುತ್ತಿದ್ದರಲ್ಲ, ಅವರ ಸಂಬಳ ಇದರಲ್ಲಿ ಬರುತ್ತಿತ್ತು. ಆ 6ರ ಬೇರೆ ಮಿತಿ ಮೊದಲೇ ಹೋಗಿತ್ತು, 2001ರ ಹಣಕಾಸು ಕಾಯ್ದೆ ಉಳಿದ ಪಟ್ಟಿಯನ್ನೂ ತೆಗೆದು ಇಂಥ ಖರ್ಚಿಗೆಲ್ಲ ಸೇರಿಸಿ ನೂರಕ್ಕೆ 30 ಅಂತ ಒಂದೇ ಕಡಿತ ತಂದಿತು. ಪಟ್ಟಿ ಹೋಯಿತು, ಆದರೆ ಆ 6 ನನ್ನ ತಲೆಯಲ್ಲಿ ಉಳಿಯಿತು. ಬಳಗದಲ್ಲಿ ಜಗಳ ಬಾರದ ಹಾಗೆ ಒಂದು ಅಂಕಿ ಹೇಳಬೇಕಾದಾಗ ನಾನು ಅದರಿಂದಲೇ ಶುರು ಮಾಡುತ್ತೇನೆ. ಸರಕಾರವೇ ಎಷ್ಟೋ ವರ್ಷ ಒಪ್ಪಿದ್ದ ಅಂಕಿ ಅಂದರೆ ಹಿರಿಯರು ಬೇಗ ಒಪ್ಪುತ್ತಾರೆ.

ಆದರೂ ಅಂಕಿಯನ್ನು ನಿಮ್ಮ ಮನೆಯ ಕೆಲಸದ ಮೇಲೆ ಇಟ್ಟು ತೂಗಿ ನೋಡಬೇಕು. ನೀವು ಬರೆದದ್ದನ್ನು ಓದಿ, ನನಗೆ ಗೊತ್ತಿರುವ ಇಂಥ ಮನೆಗಳ ಲೆಕ್ಕದ ಮೇಲೆ ಒಂದು ಅಂದಾಜು ಹಾಕಿದ್ದೇನೆ. ನಾಲ್ಕು ಜನರಿಗೆ ಫೋನು, ವಸೂಲಿ, ಸಣ್ಣ ತಕರಾರು, ತಿಂಗಳ ಲೆಕ್ಕ: ತಿಂಗಳಿಗೆ 6 ತಾಸು, ವರ್ಷಕ್ಕೆ 72. ಮೇಲಿನ ಎರಡು ಮನೆ ಹುಡುಗರದ್ದು, ವರ್ಷಕ್ಕೊಮ್ಮೆ ಖಾಲಿ ಆಗುತ್ತವೆ ಅಂತ ಹಿಡಿಯೋಣ. ಒಂದೊಂದಕ್ಕೆ ಮನೆ ತೋರಿಸುವುದು, ವಿಚಾರಿಸುವುದು, ಬಣ್ಣ, ಕರಾರು ಪತ್ರ ಸೇರಿ 10 ತಾಸು, ಎರಡಕ್ಕೆ 20. ಪ್ಲಂಬರ್, ಎಲೆಕ್ಟ್ರಿಷಿಯನ್ ಬಂದಾಗ ನಿಲ್ಲುವುದು 24. ಪಾಲಿಕೆ ತೆರಿಗೆ, ಜೆಸ್ಕಾಂ ಓಡಾಟ 8. ಒಟ್ಟು 124 ತಾಸು.

ಈಗ ದುಡ್ಡು. ಎಲ್ಲ ತುಂಬಿದ್ದರೆ ತಿಂಗಳಿಗೆ 34,000, ವರ್ಷಕ್ಕೆ 4,08,000. ಮೇಲಿನ ಎರಡೂ ಮನೆ ಒಂದೊಂದು ತಿಂಗಳು ಖಾಲಿ ಇದ್ದರೆ 13,000 ಹೋಯಿತು. ವಸೂಲಾದದ್ದು 3,95,000. ಅದರ ನೂರಕ್ಕೆ 6 ಅಂದರೆ 23,700. ಎರಡು ಮನೆಗೆ ಹೊಸಬರನ್ನು ಕೂಡಿಸಿದ್ದಕ್ಕೆ 3,250ರಂತೆ 6,500. ಒಟ್ಟು 30,200. ತಾಸಿಗೆ ಸುಮಾರು 243 ರೂಪಾಯಿ. ಮನೆಪಾಠ ಹೇಳಿದರೆ ನಿಮಗೆ ತಾಸಿಗೆ ಎಷ್ಟು ಬರುತ್ತದೋ ಅದರ ಪಕ್ಕ ಇಟ್ಟು ನೋಡಿ. ತೀರಾ ಕಡಿಮೆ ಅನ್ನಿಸಿದರೆ 7ಕ್ಕೆ ಏರಿಸಿ. ಜಾಸ್ತಿ ಅನ್ನಿಸಿದರೆ 5ಕ್ಕೆ ಇಳಿಸಿ. ನನ್ನ ತಾಸುಗಳ ಅಂದಾಜು ತಪ್ಪಿರಬಹುದು. ಹಾಗಾಗಿ ಮುಂದಿನ ಮೂರು ತಿಂಗಳು ನೀವೇ ಕ್ಯಾಲೆಂಡರಿನ ಮೇಲೆ ಬರೆದಿಡಿ. ಯಾವ ದಿನ ಎಷ್ಟು ತಾಸು, ಅಷ್ಟೇ ಸಾಕು.

ಅಮೆರಿಕದ ತಮ್ಮನ ಹತ್ತು ಪರ್ಸೆಂಟ್ ಯಾಕೆ ಬೇಡ? ಅಲ್ಲಿನ ಕಂಪನಿಗಳು 8ರಿಂದ 12ರವರೆಗೆ ತೆಗೆದುಕೊಳ್ಳುವುದು ರೂಢಿ, ಅವನು ಹೇಳಿದ್ದು ಸರಿ. ಆದರೆ ಅವು ಕಚೇರಿ ಇಟ್ಟು, ಆಳು ಇಟ್ಟು, ರಾತ್ರಿ ಫೋನು ಎತ್ತಲೂ ಜನ ಇಟ್ಟು ನಡೆಸುವ ವ್ಯಾಪಾರ. ಅದರ ಖರ್ಚೆಲ್ಲ ಆ ಹತ್ತರಲ್ಲಿ ಸೇರಿದೆ. ನಿಮಗೆ ಆ ಖರ್ಚು ಇಲ್ಲ. ಇನ್ನೊಂದು ಕಡೆ, ಪರ್ಸೆಂಟ್ ಅನ್ನುವುದು ಸಣ್ಣ ಬಾಡಿಗೆಯ ಮನೆಯಲ್ಲಿ ಕೈಕೊಡುತ್ತದೆ. ನಳ ಸೋರಿದರೆ 30,000ದ ಮನೆಯಲ್ಲೂ ಅಷ್ಟೇ ಹೊತ್ತು, 5,000ದ ಮನೆಯಲ್ಲೂ ಅಷ್ಟೇ ಹೊತ್ತು. ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ನಿಮ್ಮ ಕೈಯಲ್ಲಿರುವುದು ಬೀದರಿನಲ್ಲೋ ಯಾದಗಿರಿಯಲ್ಲೋ 5,000 ಬಾಡಿಗೆಯ ಒಂದೇ ಮನೆ ಆಗಿದ್ದರೆ ಈ 6ರ ಲೆಕ್ಕ ಹಿಡಿಯಬೇಡಿ. 300 ರೂಪಾಯಿ ಪೆಟ್ರೋಲಿಗೂ ಸಾಲದು. ತಿಂಗಳಿಗೆ ಕನಿಷ್ಠ 500 ಅಂತ ಗಟ್ಟಿ ಮಾಡಿಕೊಳ್ಳಿ.

'ವಸೂಲಾದ' ಅನ್ನುವ ಮಾತನ್ನು ಒತ್ತಿ ಹೇಳಿದ್ದೇನೆ, ಗಮನಿಸಿ. ಬರಬೇಕಾದ ಬಾಡಿಗೆಯ ಮೇಲೆ ಅಲ್ಲ, ಬಂದ ಬಾಡಿಗೆಯ ಮೇಲೆ. ಮನೆ ಖಾಲಿ ಇದ್ದರೆ ಕಾಕಾಗೂ ನಷ್ಟ, ನಿಮಗೂ ನಷ್ಟ. ಆಗ ಇಬ್ಬರ ಕಣ್ಣೂ ಒಂದೇ ಕಡೆ ಇರುತ್ತದೆ. ಡಿಪಾಜಿಟ್ ಮೇಲೆ ಪರ್ಸೆಂಟ್ ಬೇಡವೇ ಬೇಡ. ಅದು ಕಾಕಾನ ದುಡ್ಡೂ ಅಲ್ಲ, ನಾಳೆ ಬಾಡಿಗೆದಾರರಿಗೆ ವಾಪಸ್ ಕೊಡಬೇಕಾದದ್ದು.

ಹೊಸ ಬಾಡಿಗೆದಾರರ ಅರ್ಧ ತಿಂಗಳ ವಿಷಯದಲ್ಲಿ ಒಂದು ಗುಂಡಿ ಇದೆ. ಪ್ರತಿ ಸಲ ಹೊಸಬರು ಬಂದಾಗ ನಿಮಗೆ ದುಡ್ಡು ಬಂದರೆ, ಹಳಬರು ಹೋಗಲಿ ಅಂತ ಒಳಗೊಳಗೇ ಅನ್ನಿಸತೊಡಗುತ್ತದೆ. ನಿಮಗೆ ಹಾಗೆ ಅನ್ನಿಸದೇ ಇರಬಹುದು, ಆದರೆ ಅಮೆರಿಕದ ತಮ್ಮನಿಗೆ ನಿಮ್ಮ ಬಗ್ಗೆ ಹಾಗೆ ಅನ್ನಿಸಬಹುದು. ಅದಕ್ಕೆ ಒಂದು ಷರತ್ತು ನೀವೇ ಹಾಕಿಕೊಳ್ಳಿ. ನೀವು ಕೂಡಿಸಿದವರು 11 ತಿಂಗಳ ಒಳಗೆ ಬಿಟ್ಟು ಹೋದರೆ ಮುಂದಿನವರನ್ನು ಕೂಡಿಸಲು ಶುಲ್ಕ ಇಲ್ಲ. ಮತ್ತೆ ದಲ್ಲಾಳಿ ಕಡೆಯಿಂದ ಬಂದವರಾದರೆ ದಲ್ಲಾಳಿಗೂ ಕೊಟ್ಟು ನೀವೂ ತೆಗೆದುಕೊಳ್ಳುವುದು ಸರಿಯಲ್ಲ. ಕಾಕಾನ ಕೈಯಿಂದ ಒಂದೇ ಕಡೆ ಹೋಗಬೇಕು.

ರಿಪೇರಿಯಲ್ಲಂತೂ ಪರ್ಸೆಂಟ್ ಮಾತು ಎತ್ತಲೇಬೇಡಿ. ಕೆಲಸದ ಖರ್ಚಿನ ಮೇಲೆ ನೂರಕ್ಕೆ 10 ಅಂತ ಕೆಲವರು ಹಿಡಿಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಖರ್ಚು ಹಿಗ್ಗಿದಷ್ಟೂ ನೋಡುವವರ ಪಾಲು ಹಿಗ್ಗಿದರೆ, ಕಡಿಮೆಯಲ್ಲಿ ಮಾಡಿಸುವ ಮನಸ್ಸು ಯಾರಿಗೆ ಬರುತ್ತದೆ? ನಾನು ಹೇಳುವುದು ದಿನದ ಲೆಕ್ಕ. ಅರ್ಧ ದಿನಕ್ಕಿಂತ ಜಾಸ್ತಿ ನಿಂತು ಮಾಡಿಸುವ ಕೆಲಸ ಬಂದರೆ, ಆ ದಿನ ಊರಲ್ಲಿ ಗೌಂಡಿಗೆ ಎಷ್ಟು ಕೂಲಿ ಇದೆಯೋ ಅದರ ಅರ್ಧ ನಿಮಗೆ. ಗೌಂಡಿ ಕೂಲಿ ಎಲ್ಲರಿಗೂ ಗೊತ್ತಿರುವ ಅಂಕಿ. ವರ್ಷ ವರ್ಷ ತಾನೇ ಏರುತ್ತದೆ, ಮತ್ತೆ ಮತ್ತೆ ಕೇಳುವ ಸಂಕೋಚವೂ ಇಲ್ಲ.

ನಮ್ಮ ಊರಲ್ಲಿ ಇಂಥ ಕೆಲಸ ಬರದೇ ಇರುವುದಿಲ್ಲ. ಕೆಳಗೆ ಕರಿ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ತಳಪಾಯ ಸ್ವಲ್ಪ ಮೇಲಿದ್ದರೆ ಗೋಡೆ ಸೀಳುತ್ತದೆ, ಕಾಂಪೌಂಡು ವಾಲುತ್ತದೆ. ಪುಣೆಯಲ್ಲಿ ಕೂತ ಕಾಕಾಗೆ 'ಹೋದ ವರ್ಷವೇ ಬಿರುಕು ಮುಚ್ಚಿಸಿದ್ದೆಯಲ್ಲ, ಮತ್ತೆ ಯಾಕೆ' ಅನ್ನಿಸುವುದು ಸಹಜ. ಪ್ರತಿ ಸಲ ಮುಚ್ಚಿಸುವ ಮೊದಲು ಒಂದು ಫೋಟೊ, ಆಮೇಲೆ ಒಂದು ಫೋಟೊ ಕಳಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬೋರು ಬತ್ತಿ ಟ್ಯಾಂಕರ್ ತರಿಸುವ ಪಾಳಿ ಬಂದರೆ ಅದನ್ನು ಯಾರು ಕೊಡಬೇಕು ಅಂತ ಬಾಡಿಗೆ ಕರಾರಿನಲ್ಲೇ ಬರೆಸಿ. ಇಲ್ಲದಿದ್ದರೆ ಮೊದಲ ಟ್ಯಾಂಕರ್ ದುಡ್ಡು ನಿಮ್ಮ ಪರ್ಸಿನಿಂದ ಹೋಗುತ್ತದೆ, ಆಮೇಲೆ ಯಾರನ್ನೂ ಕೇಳಲು ಆಗುವುದಿಲ್ಲ. ಹೋಗಿಲ್ಲ ಅಂತ ಮಾತ್ರ ಹೇಳಬೇಡಿ!

ಹುಡುಗರ ಮನೆಗಳಲ್ಲಿ ಇನ್ನೊಂದು ಓಡಾಟ ಇದೆ. ಗೃಹಜ್ಯೋತಿ. 200 ಯೂನಿಟ್‌ವರೆಗಿನ ಆ ಸವಲತ್ತು ಬಾಡಿಗೆದಾರರಿಗೂ ಇದೆ, ಆದರೆ ಮೀಟರಿನ ಆರ್‌ಆರ್ ನಂಬರಿಗೆ ಒಬ್ಬರ ಆಧಾರ್ ಜೋಡಿಯಾಗಿರುತ್ತದೆ. ಅವರು ಮನೆ ಬಿಡುವ ಮೊದಲೇ ಜೋಡಣೆ ಬಿಡಿಸಿಕೊಳ್ಳಿ. ಹೋದ ಮೇಲೆ ಅವರ ಫೋನಿಗೆ ಬರುವ ಓಟಿಪಿಗಾಗಿ ಆಳಂದಕ್ಕೋ ಸುರಪುರಕ್ಕೋ ಹತ್ತು ಸಲ ಫೋನು ಮಾಡಬೇಕಾಗುತ್ತದೆ. ಇದೆಲ್ಲ ತಿಂಗಳ 6ರಲ್ಲೇ ಬರುವ ಕೆಲಸ. ಬೇರೆ ಕೇಳಬೇಡಿ.

ಪಾಲಿಕೆಯ ಆಸ್ತಿ ತೆರಿಗೆಯಲ್ಲಿ ನಿಮ್ಮ ಶುಲ್ಕದ ಒಂದು ಪಾಲನ್ನು ನೀವೇ ಗಳಿಸಿಕೊಡಬಹುದು. ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ. ಜುಲೈ ಬಂದರೆ ತಿಂಗಳಿಗೆ ನೂರಕ್ಕೆ 2ರಂತೆ ದಂಡ. ದೂರದ ಮಾಲೀಕರು ಹೆಚ್ಚಾಗಿ ಮರೆಯುವುದು ಇದನ್ನೇ. ನೀವು ಏಪ್ರಿಲ್‌ನಲ್ಲಿ ಕಟ್ಟಿ ರಸೀದಿ ಕಳಿಸಿದರೆ ನಿಮ್ಮ ಕೆಲಸ ಏನು ಅಂತ ಕಾಕಾಗೆ ಅಂಕಿಯಲ್ಲೇ ಕಾಣುತ್ತದೆ.

ಈಗ ನಾನು ಜಾಸ್ತಿ ಒತ್ತು ಕೊಡುವ ಮಾತಿಗೆ ಬರುತ್ತೇನೆ. ಕಾಕಾ ಅಂತ ಕಡಿಮೆ ತೆಗೆದುಕೊಳ್ಳುವ ಮನಸ್ಸು ನಿಮಗೆ ಇರುತ್ತದೆ, ಇರಲಿ. ಆದರೆ ಕಡಿಮೆ ಮಾಡಿದ್ದು ಕಾಣಬೇಕು. ಮೊದಲು ಹೊರಗಿನವರಿಗೆ ಹೇಳುವ ಪೂರ್ತಿ ಮೊತ್ತ ಬರೆಯಿರಿ. ಕೆಳಗೆ 'ಬಳಗದ ರಿಯಾಯಿತಿ' ಅಂತ ಒಂದು ಸಾಲು. ಅದರ ಕೆಳಗೆ ತೆಗೆದುಕೊಂಡದ್ದು. ಈ ತಿಂಗಳು 34,000ದ ನೂರಕ್ಕೆ 6 ಅಂದರೆ 2,040 ಆಗಿತ್ತು, ಬಿಟ್ಟದ್ದು 540, ತೆಗೆದುಕೊಂಡದ್ದು 1,500. ಹೀಗೆ ಬರೆದರೆ ಮೂರು ವರ್ಷದ ಮೇಲೆ ಯಾರೂ 'ಅಕ್ಕ ಬಾಡಿಗೆಯಲ್ಲಿ ತಿಂದಳು' ಅನ್ನುವುದಿಲ್ಲ. ನಿಮಗೂ 'ನಾನು ಎಷ್ಟು ಮಾಡಿದೆ, ಯಾರಿಗೂ ಗೊತ್ತಾಗಲಿಲ್ಲ' ಅನ್ನುವ ಕೊರಗು ಉಳಿಯುವುದಿಲ್ಲ. ಪೂರ್ತಿ ಬಿಟ್ಟಿ ಮಾಡುವುದಾದರೂ ಇದೇ ರೀತಿ ಬರೆಯಿರಿ: 2,040, ರಿಯಾಯಿತಿ 2,040, ತೆಗೆದುಕೊಂಡದ್ದು ಸೊನ್ನೆ. ನಾನು ಮಾವನ ಮನೆಗೆ ಬರೆಯದೇ ಬಿಟ್ಟ ಸಾಲು ಇದು.

ನಿಮ್ಮ ಅವ್ವನಿಗೂ ಈ ಕಾಗದ ತೋರಿಸಿ. ಅವರ ಮಾನ ಹೋಗುವುದು ದುಡ್ಡು ತೆಗೆದುಕೊಂಡಿದ್ದಕ್ಕಲ್ಲ, ಗುಟ್ಟಾಗಿ ತೆಗೆದುಕೊಂಡರು ಅಂತ ಯಾರಾದರೂ ಅಂದರೆ. ಕಾಕಾ 'ಏನರ ಇಟ್ಕೋ' ಅಂದದ್ದರಲ್ಲೂ ಅದೇ ತೊಂದರೆ ಇದೆ. ಅವರು ಪ್ರೀತಿಯಿಂದಲೇ ಅಂದರು. ಆದರೆ 'ಏನರ' ಅಂದರೆ ಕಾಕಾನ ಮನಸ್ಸಿನಲ್ಲಿ 500 ಇರಬಹುದು, ನಿಮ್ಮ ಮನಸ್ಸಿನಲ್ಲಿ 2,000.

ಬಾಡಿಗೆ ನಿಮ್ಮ ಖಾತೆಗೆ ಬರುತ್ತಿದೆ ಅಂದಿರಿ. ಅದನ್ನು ಈ ತಿಂಗಳೇ ನಿಲ್ಲಿಸಿ. ವರ್ಷಕ್ಕೆ 4 ಲಕ್ಷದ ಹತ್ತಿರ ಜಮೆ ಟೀಚರ್ ಸಂಬಳದ ಖಾತೆಯಲ್ಲಿ ಕಂಡರೆ, ಅದು ನಿಮ್ಮ ಆದಾಯ ಅಲ್ಲ ಅಂತ ನೀವೇ ತೋರಿಸಬೇಕಾಗುತ್ತದೆ. ಬಾಡಿಗೆ ನೇರ ಕಾಕಾನ ಖಾತೆಗೆ ಹೋಗಲಿ. ಅವರು ಫೋನಿನಲ್ಲಿ ಏನೂ ಒತ್ತಬೇಕಾಗಿಲ್ಲ, ಬಂದದ್ದನ್ನು ನೋಡಿದರೆ ಸಾಕು. ಸಣ್ಣ ಖರ್ಚಿಗೆ ಅವರು ಒಂದು 5,000 ನಿಮ್ಮ ಕೈಯಲ್ಲಿ ಇಡಲಿ. ಅದು ಮುಗಿಯುತ್ತ ಬಂದಾಗ ಚೀಟಿ ಕಳಿಸಿ ಮತ್ತೆ ತುಂಬಿಸಿಕೊಳ್ಳಿ. ನಿಮ್ಮ ಶುಲ್ಕ ತಿಂಗಳ ಲೆಕ್ಕ ಕಳಿಸಿದ ಮೇಲೆ ಕಾಕಾನ ಖಾತೆಯಿಂದ ಬೇರೆಯಾಗಿ ಬರಲಿ. ಏಜೆಂಟರು ಕೈಗೆ ಬಂದ ದುಡ್ಡಿನಿಂದ ತಮ್ಮ ಖರ್ಚು, ಒಪ್ಪಿದ ಸಂಬಳ ಹಿಡಿದುಕೊಂಡು ಉಳಿದದ್ದು ಕೊಡಬಹುದು ಅಂತ ಕರಾರು ಕಾಯ್ದೆಯಲ್ಲಿ ಇದೆ. ಆದರೂ ಬಳಗದಲ್ಲಿ ಹಿಡಿದುಕೊಳ್ಳುವುದಕ್ಕಿಂತ ಕೊಡಿಸಿಕೊಳ್ಳುವುದು ಮೇಲು.

ತೆರಿಗೆಯ ಮಾತು ಎರಡೇ ನಿಮಿಷ. ಕಾಕಾ ನಿಮಗೆ ಕೊಟ್ಟ ಶುಲ್ಕವನ್ನು ಬಾಡಿಗೆ ಆದಾಯದಿಂದ ಬೇರೆಯಾಗಿ ಕಳೆಯಲು ಬರುವುದಿಲ್ಲ. ಪಾಲಿಕೆ ತೆರಿಗೆ ಕಳೆದು ಉಳಿದದ್ದರಲ್ಲಿ ನೂರಕ್ಕೆ 30 ಅವರಿಗೆ ಸುಮ್ನೆ ಸಿಗುತ್ತದೆ, ಖರ್ಚು ಮಾಡಲಿ ಬಿಡಲಿ. ತೆರಿಗೆ 10,000 ಅಂತ ಹಿಡಿದರೆ 3,85,000ದಲ್ಲಿ 1,15,500 ಕಡಿತ. ನಿಮ್ಮ 30,000, ರಿಪೇರಿ, ಬಣ್ಣ ಎಲ್ಲ ಅದರೊಳಗೇ ಬಂತು ಅಂದುಕೊಳ್ಳಬೇಕು. ಇದನ್ನು ಕಾಕಾಗೆ ಹೇಳಿ. ಮನೆ ನೋಡಿಕೊಳ್ಳಲು ಖರ್ಚು ಇದೆ ಅಂತ ಕಾಯ್ದೆಯೇ ಒಪ್ಪಿ ಇಷ್ಟು ಬಿಟ್ಟಿದೆ, ಅದರಲ್ಲಿ ನಾಲ್ಕನೇ ಒಂದು ಪಾಲು ನೀವು ಮುಟ್ಟುವುದು ಅಲ್ವಾ? ಹೆಚ್ಚು ಕಡಿಮೆ ಅಷ್ಟೇ.

ನಿಮ್ಮ ಕಡೆ, ಬಂದ ಶುಲ್ಕ ನಿಮ್ಮ ಆದಾಯ. ಅಣ್ಣ ತಮ್ಮ, ಕಾಕಾ, ಮಾವ ಇಂಥವರಿಂದ ಬಂದ ಉಡುಗೊರೆಗೆ ತೆರಿಗೆ ಇಲ್ಲ ಅನ್ನುವುದು ನಿಜ. ಆದರೆ ಮಾಡಿದ ಕೆಲಸಕ್ಕೆ ಪ್ರತಿ ತಿಂಗಳು ಬರುವ ದುಡ್ಡನ್ನು ಉಡುಗೊರೆ ಅಂತ ಬರೆಯಬೇಡಿ. ಸಂಬಳದ ಜೊತೆ ತೋರಿಸಿ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕು ತೆರಿಗೆ ಸೊನ್ನೆ ಆಗುತ್ತದೆ. ಖಾಸಗಿ ಶಾಲೆಯ ಸಂಬಳಕ್ಕೆ 30,000 ಸೇರಿದರೆ ನಿಮಗೆ ಒಂದು ಪೈಸೆ ತೆರಿಗೆಯೂ ಬೀಳಲಿಕ್ಕಿಲ್ಲ. ಮುಚ್ಚಿಡಲು ಕಾರಣವೇ ಇಲ್ಲ.

ಬಾಡಿಗೆ ಕರಾರಿಗೆ ಈಗ ಯಾರು ಸಹಿ ಮಾಡುತ್ತಿದ್ದಾರೆ ಅಂತ ನೀವು ಬರೆದಿಲ್ಲ. ನೀವೇ ಮಾಡುತ್ತಿದ್ದರೆ ಯಾವ ಅಧಿಕಾರದ ಮೇಲೆ? ಕಾಕಾ ಮುಂದಿನ ಸಲ ಊರಿಗೆ ಬಂದಾಗ ಒಂದು ಸೀಮಿತ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿಸಿ. ಬಾಡಿಗೆಗೆ ಕೊಡುವುದು, ವಸೂಲಿ, ನೋಟಿಸು, ಜೆಸ್ಕಾಂ ಮತ್ತು ಪಾಲಿಕೆ ಕೆಲಸ, ಇಷ್ಟೇ ಅದರಲ್ಲಿ ಇರಲಿ. ಮಾರುವ ಅಧಿಕಾರ, ಸಾಲ ತೆಗೆಯುವ ಅಧಿಕಾರ ಅವರಾಗಿಯೇ ಕೊಡುತ್ತೇನೆ ಅಂದರೂ ಬೇಡ ಅನ್ನಿ. ನಿಮ್ಮ ಶುಲ್ಕದ ಮಾತು ಅದರಲ್ಲಿ ಬೇಡ, ಅದಕ್ಕೆ ಒಂದು ಪುಟದ ಬೇರೆ ಪತ್ರ ಇರಲಿ. ಕಾಕಾ ಸಹಿ ಹಾಕಿ, ಅಮೆರಿಕದ ತಮ್ಮನಿಗೆ ಒಂದು ಫೋಟೊ. ನೀವು ಈ ಮನೆಗೆ ಸಂಬಳದ ಮೇಲೆ ಕೆಲಸ ಮಾಡುವವರು, ಪಾಲುದಾರರಲ್ಲ ಅನ್ನುವುದಕ್ಕೂ ಅದು ಸಾಕ್ಷಿ. ಹಾಗಂತ, ಅಜ್ಜನ ಆಸ್ತಿ ಹಂಚಿಕೆಯಲ್ಲಿ ನಿಮ್ಮ ತಂದೆಗೆ ಬರಬೇಕಾದದ್ದು ಏನಾದರೂ ಈ ಮನೆಯಲ್ಲಿ ಉಳಿದಿದ್ದರೆ ಅದನ್ನು ಬೇರೆ ಕೂತು ಮಾತಾಡಿ. ಶುಲ್ಕದ ಒಳಗೆ ಅದನ್ನು ಸೇರಿಸಿ ಸಮಾಧಾನ ಮಾಡಿಕೊಳ್ಳಬೇಡಿ.

ಒಂದು ಕಹಿ ಮಾತು. ಕಾಕಾನ ವಯಸ್ಸು 74 ಅಂದಿರಿ. ಅಧಿಕಾರ ಪತ್ರ ಅದನ್ನು ಕೊಟ್ಟವರು ತೀರಿಕೊಂಡ ದಿನಕ್ಕೆ ಮುಗಿಯುತ್ತದೆ. ಆಮೇಲೆ ಮನೆ ಅಮೆರಿಕದ ತಮ್ಮನ ಹೆಸರಿಗೆ ಬಂದರೆ ಕೆಲಸದ ರೀತಿಯೇ ಬದಲಾಗುತ್ತದೆ. ಹೊರದೇಶದಲ್ಲಿರುವ ಮಾಲೀಕರಿಗೆ ಬಾಡಿಗೆ ಕೊಡುವವರು ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಬೇಕು. ಸೆಸ್ ಸೇರಿ ಅದು ನೂರಕ್ಕೆ 31.2. 6,500 ಕೊಡುವ ಹುಡುಗನಿಗೆ ಇದನ್ನು ತಿಳಿಸಿ ಹೇಳುವುದೇ ಒಂದು ಕೆಲಸ. ಅಲ್ಲಿಂದ ಬರುವ ಅಧಿಕಾರ ಪತ್ರವನ್ನು ಅಲ್ಲಿನ ಭಾರತೀಯ ಕಾನ್ಸುಲೇಟಿನ ಮುಂದೆ ಮಾಡಿಸಿ, ಇಲ್ಲಿಗೆ ತಲುಪಿದ ಮೂರು ತಿಂಗಳ ಒಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಆ ದಿನ ಬಂದರೆ ತಮ್ಮನ ಹತ್ತು ಪರ್ಸೆಂಟ್ ಮಾತನ್ನು ಅವನಿಗೇ ನೆನಪು ಮಾಡಿಕೊಡಿ. ಆಗ ಅದು ಜಾಸ್ತಿ ಆಗುವುದಿಲ್ಲ.

ಹಿಂದಿನ ಆರು ವರ್ಷ? ಶುಲ್ಕ ಕೇಳಬೇಡಿ. ಒಪ್ಪಂದ ಇಲ್ಲದೆ, ಕೇಳದೆ ಮಾಡಿದ್ದೀರಿ, ಈಗ ಬಿಲ್ಲು ಕಳಿಸಿದರೆ ಆ ಆರು ವರ್ಷದ ಒಳ್ಳೆಯತನವೂ ಹೋಗುತ್ತದೆ. ಕೈಯಿಂದ ಹಾಕಿ ವಾಪಸ್ ಬರದ ಖರ್ಚು ಇದ್ದರೆ, ಚೀಟಿ ಇರುವಷ್ಟನ್ನು ಕೇಳಿ. ಕಾಕಾ ತಾವಾಗಿ ಹಿಂದಿನದಕ್ಕೂ ಇಷ್ಟು ಕೊಡುತ್ತೇನೆ ಅಂದರೆ ಬೇಡ ಅನ್ನಬೇಡಿ. ಮೊದಲೇ ಮಾಡಿಕೊಟ್ಟ ಕೆಲಸಕ್ಕೆ ಆಮೇಲೆ ಕೊಟ್ಟ ಮಾತಿಗೂ ಕರಾರು ಕಾಯ್ದೆಯಲ್ಲಿ ಬೆಲೆ ಇದೆ.

ಮಾತು ಹೇಗೆ ಎತ್ತುವುದು ಅಂತ ನಿಮಗೆ ಸಂಕೋಚ ಇರಬಹುದು. ಫೋನಿನಲ್ಲಿ ಶುರು ಮಾಡಬೇಡಿ. ಮೊದಲು ಮೂರು ತಿಂಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಫೋಟೊ ಕಳಿಸಿ. ಅವರು ಓದಿದ ಮೇಲೆ ನೀವೇ ಫೋನು ಮಾಡಿ ಹೇಳಿ: 'ಕಾಕಾ, ಏನರ ಇಟ್ಕೋ ಅಂದಿದ್ರಿ. ಎಷ್ಟು ಅಂತ ನೀವೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಗಿನವರಾದ್ರ ಇಷ್ಟ ಆಗ್ತಿತ್ತು, ಮನಿ ಮಗಳು ಅಂತ ಇಷ್ಟ ಬರದೀನಿ. ನೋಡ್ರಿ, ಜಾಸ್ತಿ ಆತಂದ್ರ ಹೇಳ್ರಿ.' ಇಷ್ಟು ಸಾಕು. ಪುಣೆಯಲ್ಲಿ ಎಷ್ಟೇ ವರ್ಷ ಇದ್ದರೂ ಸೇಡಂ ರಸ್ತೆ ಕಡೆಯ ಕಾಕಾ ಇದಕ್ಕೆ ಬೇಜಾರು ಮಾಡಿಕೊಳ್ಳಲಾರರು.

ಇನ್ನು ನುಗ್ಗೆಕಾಯಿ. ಇದನ್ನು ಕಾಕಾನ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ, ನಿಮ್ಮ ಲೆಕ್ಕಕ್ಕೂ ಬೇಡ. ಯಾಕೆಂದರೆ ಅದು ನಿಮ್ಮಿಬ್ಬರದೂ ಅಲ್ಲ. ಕೆಳಗಿನ ಮನೆಯವರು 12,000 ಕೊಡುವುದು ಹಿತ್ತಲು ಸೇರಿಸಿಯೇ ಅಲ್ವಾ? ಕರಾರಿನಲ್ಲಿ ಗಿಡವನ್ನು ಬೇರೆ ಮಾಡಿ ಬರೆದಿಲ್ಲದಿದ್ದರೆ, ಅವರು ಇರುವ ತನಕ ಆ ಕಾಯಿ ಅವರದು. ಮುಂದಿನ ಸಲ ಹೋದಾಗ ಗೇಟಿನ ಬೆಲ್ಲು ಒತ್ತಿ, ಕೇಳಿ ಕಿತ್ತುಕೊಳ್ಳಿ. ಅರ್ಧ ಅವರಿಗೆ ಕೊಟ್ಟು ಬನ್ನಿ.